ಕೋಳಿಗಳ ಸೂತಕ

ನಮ್ಮ ಮನೆಯಲ್ಲಿ ಸೂತಕ ಎಂಬುದು ಇರಲಿಲ್ಲ. ಕೂಸು ಹುಟ್ಟಿದರೂ ಇಲ್ಲ, ಹಿರಿಯರು ಹೋದರೂ ಇಲ್ಲ, ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಮೂಲೆ ಹಿಡಿದು ಕೂರುವುದಂತೂ ಇಲ್ಲವೇ ಇಲ್ಲ. ನನ್ನ ದೊಡ್ಡಜ್ಜ ಬೆಳಿಗ್ಗೆ ಲಿಂಗೈಕ್ಯನಾದ ದಿನವೇ ಸಂಜೆ ನಮ್ಮ ಒಲೆ ಹೊತ್ತಿ, ಬಂದವರಿಗೆಲ್ಲ ರೊಟ್ಟಿ ಬಡಿದದ್ದು ನನಗೆ ನೆನಪಿದೆ. ಪಕ್ಕದ ಓಣಿಯ ಹೆಂಗಸೊಬ್ಬಳು ಹೊರಗೆ ನಿಂತು ಹೀಗೂ ಉಂಟೇ ಎಂದು ಕೇಳಿದ್ದಕ್ಕೆ ನಮ್ಮ ಅಮ್ಮ ರೊಟ್ಟಿ ತಿರುವುತ್ತಲೇ ಉತ್ತರ ಕೊಟ್ಟಿದ್ದಳು.

"ಕೊಳ್ಳಾಗ ಲಿಂಗ ಇದ್ದಾವ್ರಿಗೆ ಎಲ್ಲೀ ಸೂತಕವಾ? ಹಸದಿದ್ರ ಬಾ, ಉಣ್ಣು. ಇಲ್ಲಾಂದ್ರ ದಾರಿ ಬಿಡು, ಗಾಳಿ ಬರ್ಲಿ."

ಅಮ್ಮ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಕಡೆ ಹೆತ್ತವಳಿಗೆ ಅವ್ವ, ಅಜ್ಜಿಗೆ ಅಮ್ಮ. ಕುಳ್ಳು ಮೈ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಅವಳು ನಡೆದರೆ ಅವಳಿಗಿಂತ ಮೊದಲು ಆ ಗೊಂಚಲಿನ ಸದ್ದು ಬಂದು ನಮ್ಮನ್ನು ಎಚ್ಚರಿಸುತ್ತಿತ್ತು. ಇಂಥವಳು ಸೂತಕ ಎಂಬ ಮಾತನ್ನು ಬೇರೆಯವರ ಮನೆಯಿಂದ ಕಡ ತಂದು ನಮ್ಮ ಕೋಳಿಗಳಿಗೆ ಹಚ್ಚಿದಳು. ಊರು ನಕ್ಕಿತು. ನಾನೂ ನಕ್ಕೆ, ಚಿಕ್ಕವಳಲ್ಲವೆ. ಆದರೆ ಆ ವಾರ ನಾನು ಕಂಡದ್ದನ್ನು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ. ದೊಡ್ಡವರು ಎನಿಸಿಕೊಂಡವರನ್ನು ಆಮೇಲೆ ಬೇಕಾದಷ್ಟು ನೋಡಿದ್ದೇನೆ. ಅಷ್ಟು ದೊಡ್ಡವರನ್ನು ಮಾತ್ರ ಮತ್ತೆ ನೋಡಲಿಲ್ಲ.

ಮೊದಲು ಮನೆ ಹೇಗಿತ್ತೆಂದು ಹೇಳಬೇಕು. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಡೆ ಹೋಗುವಾಗ ರಸ್ತೆಗೆ ಮುಖ ಮಾಡಿದ ಮಣ್ಣಿನ ಗೋಡೆಯ ಮನೆ. ಮುಂದೆ ಪಡಸಾಲೆ, ಅದನ್ನು ದಾಟಿದರೆ ಎತ್ತರದ ಹೊಸ್ತಿಲು, ಹೊಸ್ತಿಲಾಚೆ ನಡುಮನೆ, ನಡುಮನೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ಕತ್ತಲೆಯ ಪೂಜೆಯ ಕೋಣೆ. ಹಿತ್ತಲಿನಲ್ಲಿ ಎರಡು ಉದ್ದನೆಯ ಕೋಳಿ ಶೆಡ್ಡುಗಳು. ಸುಗ್ಗಿಯಲ್ಲಿ ಅಂಗಳದ ತುಂಬ ಮೆಣಸಿನಕಾಯಿ ರಾಶಿ ಬೀಳುತ್ತಿತ್ತು, ಮನೆಗೆ ಬಂದವರು ಮೊದಲು ಸೀನಿ ಆಮೇಲೆ ಮಾತಾಡುತ್ತಿದ್ದರು. ಹಿತ್ತಲಿನಲ್ಲಿ ಹುಟ್ಟಿದ ತತ್ತಿ ರಸ್ತೆಗೆ ಹೋಗಬೇಕಾದರೆ ಗೋಡೆಯ ಮಗ್ಗುಲಿನ ಸಂದಿಯಲ್ಲಿ ಬಂದು ಪಡಸಾಲೆಯಲ್ಲಿ ಕೂರಬೇಕು. ಶಾಲೆಯ ಪುಸ್ತಕದಲ್ಲಿ ಅದು ಮೊಟ್ಟೆ, ನಮ್ಮ ಬಾಯಲ್ಲಿ ತತ್ತಿ. ನಾವು ಅದನ್ನು ಬಾಯಲ್ಲಿ ಇಟ್ಟುಕೊಂಡದ್ದು ಅಷ್ಟೇ, ಹೆಸರಾಗಿ ಮಾತ್ರ. ತಿನ್ನುವ ಮನೆತನವಲ್ಲ ನಮ್ಮದು.

ತಿನ್ನದ ಮನೆಗೆ ಕೋಳಿ ಬಂದದ್ದು ಜಗಳದ ಮೇಲೆ. ಹೊಲದಲ್ಲಿ ಗೋವಿನಜೋಳ ಹುಲುಸಾಗಿ ಬರುತ್ತಿತ್ತು. ಅದನ್ನು ಮಾರುವ ಬದಲು ಕೋಳಿಗೆ ಹಾಕಿ ತತ್ತಿ ಮಾರಿದರೆ ಹೇಗೆ ಎಂಬ ಯೋಚನೆ ಅಪ್ಪನದು, ಅದಕ್ಕೆ ಬಾಯಿ ಆದವನು ಅವನ ತಮ್ಮ ಶಿವು ಕಾಕಾ. ಅಪ್ಪ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಕಾಕಾ ಎಸ್ಸೆಸ್ಸೆಲ್ಸಿ ಪಾಸಾದವನು, ರಾಣೆಬೆನ್ನೂರಿನ ಬ್ಯಾಂಕಿನಲ್ಲಿ ಚೀಟಿಯನ್ನು ಇಂಗ್ಲಿಷಿನಲ್ಲೇ ತುಂಬುವವನು, ಮನೆಗೆ ಬಂದ ಯಾವ ಕಾಗದವನ್ನೂ ತಾನೇ ಮೊದಲು ಓದಬೇಕೆನ್ನುವವನು. ಅಮ್ಮ ಇಬ್ಬರು ಮಕ್ಕಳ ಜೊತೆಗೂ ಮಾತು ಬಿಟ್ಟಳು. ಮಾತು ಬಿಟ್ಟರೂ ರೊಟ್ಟಿ ಬಿಡಲಿಲ್ಲ. ತಟ್ಟೆಗೆ ರೊಟ್ಟಿ ಬೀಳುವ ಸದ್ದಿನಲ್ಲೇ ಅವಳ ಸಿಟ್ಟು ಎಷ್ಟಿದೆಯೆಂದು ಎಲ್ಲರಿಗೂ ತಿಳಿಯುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ, ಇಬ್ಬರೂ ಉಣ್ಣುತ್ತ ಕೂತಿದ್ದಾಗ, ಬಾಯಿ ಬಿಟ್ಟಳು.

"ಸಾಕ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ತತ್ತಿ ಆ ಹೊಸ್ತಿಲ ದಾಟಿ ಒಳಗ ಬಂದ ದಿನ ನಾ ಹೊಸ್ತಿಲ ದಾಟಿ ಹೊರಗ ಹೊಕ್ಕೇನಿ. ಮತ್ತ ನನ್ನ ಕಡಿಂದ ಅದನ್ನ ಮುಟ್ಟಸಬ್ಯಾಡ್ರಿ."

"ಆತ ಬಿಡಬೇ," ಎಂದ ಕಾಕಾ. "ಕೋಳಿ ಕೇಳಿ ಮಸಾಲಿ ಅರಿತಾರೇನು? ನಿನ್ನ ಕೇಳಿ ಕೋಳಿ ಸಾಕಾಕತ್ತೇವಿ, ಅದ ದೊಡ್ಡದು."

ಅಂದಿನಿಂದ ಆ ಹೊಸ್ತಿಲೇ ನಮ್ಮ ಮನೆಯ ಗಡಿ. ಪಡಸಾಲೆಯಲ್ಲಿ ತತ್ತಿಯ ಟ್ರೇಗಳು ಒಂದರ ಮೇಲೊಂದು ಎದೆಮಟ್ಟ ಏರುತ್ತಿದ್ದವು. ಹೊಸ್ತಿಲ ಒಳಗೆ ಅಮ್ಮ ಕೂತು ಬೇಳೆ ಆರಿಸುತ್ತಿದ್ದಳು. ಮಕ್ಕಳಾದ ನಾವು ಶೆಡ್ಡಿನಲ್ಲಿ ತತ್ತಿ ಆಯಬಹುದಿತ್ತು, ಆದರೆ ಒಳಗೆ ಬರುವ ಮುಂಚೆ ಬಾನಿಯ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆಯಬೇಕು. ಕೋಳಿಯ ಮೇವಿಗೆ ಬೆರೆಸಲು ಕಾಕಾ ಮೀನಿನ ಪುಡಿಯ ಚೀಲ ತಂದ ದಿನವಂತೂ ಮತ್ತೊಂದು ಮಹಾಯುದ್ಧ. ಆ ಚೀಲವನ್ನು ಹಿತ್ತಲ ಬೇವಿನ ಮರದಾಚೆ ಒಂದು ತಗಡಿನ ಗೂಡಿಗೆ ಗಡಿಪಾರು ಮಾಡಿ ಅಮ್ಮ ಸಮಾಧಾನಪಟ್ಟಳು. ಆದರೂ ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಅವಳು ಸೆರಗನ್ನು ಮೂಗಿಗೆ ಒತ್ತಿ ಕಾಕಾನ ಕಡೆ ನೋಡುವಳು, ಗಾಳಿಯನ್ನೂ ಅವನೇ ಕೊಂಡು ತಂದನೆಂಬ ಹಾಗೆ.

ನನಗೋ ಕೋಳಿಗಳು ಎಂದರೆ ಬೆರಗು. ಬೆಳಗಿನ ಜಾವ ಶೆಡ್ಡಿನ ಬಾಗಿಲು ತೆರೆದರೆ ಅಷ್ಟೂ ಬಿಳಿ ಕುತ್ತಿಗೆಗಳು ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದವು. ಶಾಲೆಯಲ್ಲಿ ಯಾರೂ ನನ್ನನ್ನು ಹಾಗೆ ತಿರುಗಿ ನೋಡಿದ್ದಿಲ್ಲ. ಆಗ ತಾನೆ ಇಟ್ಟ ತತ್ತಿಯನ್ನು ಅಂಗೈಯಲ್ಲಿ ಹಿಡಿದರೆ ಬಿಸಿ ಬಿಸಿ, ಒದ್ದೆ ಒದ್ದೆ, ಗಾಳಿ ತಾಗಿದ ಕೂಡಲೇ ಒಣಗಿ ಗಟ್ಟಿಯಾಗುವುದು. ನಾವು ಮೆಣಸಿನಕಾಯಿಯ ಒಡಕು ಚೂರನ್ನು ಮೇವಿಗೆ ಬೆರೆಸುತ್ತಿದ್ದೆವು. ನಮಗೆ ಕಣ್ಣಲ್ಲಿ ನೀರು ಬರಿಸುವ ಅದೇ ಚೂರನ್ನು ಕೋಳಿಗಳು ಬೆಲ್ಲದ ಹಾಗೆ ಹೆಕ್ಕುತ್ತಿದ್ದವು. ಕೋಳಿಗೆ ಖಾರ ಹತ್ತುವುದಿಲ್ಲ ಎಂದು ತಿಳಿದ ದಿನ ನಾನು ಅವಕ್ಕೆ ಕೈ ಮುಗಿದಿದ್ದೇನೆ.

ಆ ಮೆಣಸಿನಕಾಯಿ ಕೋಳಿಯ ಹೊಟ್ಟೆಗೆ ಹೋಗಿ ಏನಾಗುತ್ತದೆಂದು ನಮಗೆ ಹೇಳಿದವಳು ಖಾತೂನ ಚಾಚಿ. ಪ್ರತಿ ಸುಗ್ಗಿಗೆ ನಮ್ಮ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು ಅವಳು, ಅಮ್ಮನ ಗೆಳತಿ. ಇಬ್ಬರೂ ಒಂದೇ ಚೀಲದಿಂದ ಎಲೆ ಅಡಿಕೆ ಹಾಕುತ್ತ, ಇಬ್ಬರ ಸೊಸೆಯಂದಿರನ್ನೂ ಸಮನಾಗಿ ಬೈಯುತ್ತ ಹೊತ್ತು ಕಳೆಯುವರು. ನಮ್ಮ ತತ್ತಿಯನ್ನು ಒಡೆದು ನೋಡಿದವಳು ನಮ್ಮ ಬಳಗದಲ್ಲಿ ಚಾಚಿಯೊಬ್ಬಳೇ.

"ಯಕ್ಕಾ, ನಿಮ್ಮ ತತ್ತಿ ಒಡದ್ರ ಒಳಗ ಕುಂಕುಮ ಕಲಸಿದಂಗ ಇರ್ತದ ನೋಡು. ಬ್ಯಾರೆ ಕಡೆ ತತ್ತಿ ಬರೇ ಅರಿಷಿಣ."

"ಅದೆಲ್ಲಾ ನನ್ನ ಮುಂದ ಹೇಳಬ್ಯಾಡ," ಎಂದು ಅಮ್ಮ ಮುಖ ತಿರುಗಿಸುತ್ತಿದ್ದಳು. ಆದರೆ ಆ ದಿನ ಚಾಚಿಗೆ ಒಂದು ರೊಟ್ಟಿ ಹೆಚ್ಚು ಬೀಳುತ್ತಿತ್ತು.

ಚಾಚಿಯ ಮಗಳು ಹಸೀನಾ. ಗುತ್ತಲಕ್ಕೆ ಕೊಟ್ಟಿದ್ದರು. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆಮೇಲೆ ಬಹಳ ದಿನ ಏನೂ ಇರಲಿಲ್ಲ, ಈಗ ಮತ್ತೆ ನಿಂತಿತ್ತು. ದಿನಕ್ಕೊಂದು ತತ್ತಿ ತಿನ್ನು ಎಂದು ದವಾಖಾನೆಯಲ್ಲಿ ಹೇಳಿದ್ದರು. ಹಾಗಾಗಿ ಚಾಚಿ ಗುತ್ತಲಕ್ಕೆ ಹೋಗುವಾಗಲೆಲ್ಲ ನಮ್ಮ ಪಡಸಾಲೆಯಿಂದ ತತ್ತಿ ಒಯ್ಯುತ್ತಿದ್ದಳು. ಅವಳಿಂದ ಬೆಲೆ ತಗೋಬಾರದು ಎಂದು ಅಮ್ಮ ಹೊಸ್ತಿಲ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಳು.

ಆ ಚಳಿಗಾಲ ನಮ್ಮ ಕೋಳಿಗಳಿಗೆ ನೆಗಡಿ ಬಂತು. ಕೋಳಿ ಸೀನುವುದನ್ನು ಕೇಳಿದವರಿಗೆ ಗೊತ್ತು, ಒಂದು ಸೀನಿದರೆ ನಗು ಬರುತ್ತದೆ, ಇಡೀ ಶೆಡ್ಡು ಸೀನತೊಡಗಿದರೆ ಅಳು ಬರುತ್ತದೆ. ಕಣ್ಣಿನ ಸುತ್ತ ಬಾವು, ಮೂಗಿನಲ್ಲಿ ನೀರು. ಕಾಕಾ ಮೋಟಾರ್‌ಸೈಕಲ್ಲು ಹತ್ತಿ ಬ್ಯಾಡಗಿಯ ದನದ ಡಾಕ್ಟರ ಬಳಿ ಹೋಗಿ ಔಷಧ ಬರೆಸಿಕೊಂಡು ಬಂದ. ನೀರಿಗೆ ಬೆರೆಸುವ ಹಳದಿ ಪುಡಿ. ಡಾಕ್ಟರು ಅದನ್ನು ಹೇಗೆ ಕೊಡಬೇಕು, ಆಮೇಲೆ ಏನು ಮಾಡಬೇಕು ಎಂದೆಲ್ಲ ಹೇಳಿದ್ದರಂತೆ. ಅವರು ಹೇಳುತ್ತಿದ್ದಾಗ ಕಾಕಾ ಗಾಡಿಗೆ ಕಿಕ್ ಹೊಡೆಯುತ್ತಿದ್ದನಂತೆ. ಎಲ್ಲ ಪೊಟ್ಟಣದ ಮೇಲೆ ಬರೆದಿರುತ್ತದೆ, ನನಗೆ ಓದಲು ಬರುತ್ತದೆ ಎಂಬ ಧೈರ್ಯ.

ಓದಿದ. ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿದ. ಒಂದು ಕಡೆ ನಿಂತು, ಬೆರಳಿಟ್ಟು, ಮುಖ ಅರಳಿಸಿದ.

"ಇಲ್ಲಿ ನೋಡಣ್ಣಾ, ವಿತ್‌ಡ್ರಾವಲ್ ಪಿರಿಯಡ್ ಅಂತ ಐತಿ. ಬ್ಯಾಂಕಿನ್ಯಾಗ ವಿತ್‌ಡ್ರಾವಲ್ ಅಂದ್ರೇನು? ರೊಕ್ಕಾ ತಗಿಯೂದು. ಅಂದ್ರ ಔಷಧ ಹಾಕಿದ ಮ್ಯಾಲೆ ಇಷ್ಟು ದಿನದಾಗ ತತ್ತಿ ತಗದು ಹೊರಗ ಕಳಸಬೇಕಂತ. ಲಗೂ ಲಗೂ ಆಯ್ರಿ, ಒಂದೂ ಉಳೀಬಾರ್ದು."

ಅಪ್ಪ ತಲೆಯಾಡಿಸಿದ. ಅವ್ವನಿಗೆ ತನ್ನ ಮೈದುನನ ಇಂಗ್ಲಿಷಿನ ಬಗ್ಗೆ ಭಯಭಕ್ತಿ. ನನಗಂತೂ ಒಂದು ಪುಡಿಯ ಪೊಟ್ಟಣಕ್ಕೂ ಬ್ಯಾಂಕಿಗೂ ನೆಂಟಸ್ತಿಕೆ ಇದೆಯಲ್ಲ ಎಂದು ಕಾಕಾನ ಮೇಲೆ ಅಪಾರ ಗೌರವ ಹುಟ್ಟಿತು. ಪುಡಿಯನ್ನು ನೀರಿನ ಡ್ರಮ್ಮಿಗೆ ಸುರಿದು, ಇರಲಿ ಎಂದು ಕಾಕಾ ಮೇಲೊಂದು ಹಿಡಿ ಹೆಚ್ಚಿಗೆ ಹಾಕಿದ, ಸಾರಿಗೆ ಉಪ್ಪು ಹಾಕಿದ ಹಾಗೆ. ನೀರು ಅರಿಷಿಣದ ಬಣ್ಣಕ್ಕೆ ತಿರುಗಿತು, ಕೋಳಿಗಳು ಕೊಕ್ಕೆತ್ತಿ ಎತ್ತಿ ಕುಡಿದವು. ನಾವು ಲಗುಬಗೆಯಿಂದ ತತ್ತಿ ಆಯ್ದೆವು. ಪಡಸಾಲೆಯಲ್ಲಿ ಟ್ರೇಗಳು ಏರಿದವು, ಅವನ್ನು ಒಯ್ಯುವ ಟೆಂಪೊ ಬರಲು ಇನ್ನೂ ಎರಡು ದಿನವಿತ್ತು. ಮರುದಿನ ಗುತ್ತಲಕ್ಕೆ ಹೊರಟ ಚಾಚಿ ಬುಟ್ಟಿ ಹಿಡಿದು ಬಂದಾಗ ಕಾಕಾ ತಾನೇ ಆರಿಸಿ ದೊಡ್ಡ ದೊಡ್ಡ ತತ್ತಿ ಹಾಕಿಕೊಟ್ಟ.

"ಔಷಧ ಕುಡದ ಕೋಳಿ ತತ್ತಿ ಚಾಚಿ, ಇದರಾಗ ಶಕ್ತಿ ಜಾಸ್ತಿ. ಹಸೀನಾಗ ಹೇಳು, ಕಾಕಾ ಕೊಟ್ಟಾನ ಅಂತ."

ಅದರ ಮರುದಿನ ಬೆಳಿಗ್ಗೆ ದನದ ಡಾಕ್ಟರು ಕೋಳಿ ಹೇಗಿವೆಯೆಂದು ನೋಡಲು ತಾವೇ ಬಂದರು. ಪಡಸಾಲೆಯ ರಾಶಿ ಕಂಡು, ಇವು ಔಷಧಕ್ಕಿಂತ ಮೊದಲಿನವೇ ಎಂದು ಕೇಳಿದರು. ಅಲ್ಲ, ವಿತ್‌ಡ್ರಾವಲ್ ನಡದೈತ್ರಿ ಎಂದ ಕಾಕಾ, ಎದೆಯುಬ್ಬಿಸಿ. ಹೇಗೆಂದು ವಿವರಿಸಿದ. ಡಾಕ್ಟರು ಮೊದಲು ಗಟ್ಟಿಯಾಗಿ ನಕ್ಕರು. ನಗುತ್ತ ನಗುತ್ತ ಅವರ ಮುಖ ಬದಲಾಯಿತು.

"ತಮ್ಮಾ, ಅದು ಉಲ್ಟಾ. ಔಷಧ ಕೋಳಿ ಮೈಯಾಗ ಇರೂತನಕ ತತ್ತ್ಯಾಗೂ ಇರ್ತದ. ಅದು ಇಳಿದು ಹೋಗೂತನಕ ತತ್ತಿ ಮಾರಬಾರ್ದು, ತಿನ್ನಬಾರ್ದು. ಔಷಧ ನಿಲ್ಲಿಸಿದ ಮ್ಯಾಲೂ ಅಷ್ಟು ದಿನ ಕಾಯಬೇಕು. ಅದಕ್ಕ ಆ ಹೆಸರು. ಯಾರಿಗಾದ್ರೂ ಕೊಟ್ಟೀರೇನು?"

 ಹೊಸ್ತಿಲ ಒಳಗೆ ಬೇಳೆ ಆರಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಕೊಟ್ಟೇವ್ರಿ," ಎಂದಳು ಅವಳು. "ಒಬ್ಬಾಕಿ ಬಸುರಿಗೆ."

ಡಾಕ್ಟರು ಕೂತರು. ಒಂದೆರಡು ತಿಂದರೆ ಏನೂ ಆಗಲಿಕ್ಕಿಲ್ಲ, ಆದರೆ ಈ ಔಷಧ ಬಸುರಿಯರಿಗೆ ಕೊಡುವಂಥದ್ದಲ್ಲ, ದಿನಾ ತಿನ್ನುತ್ತ ಹೋದರೆ ಒಳ್ಳೆಯದಲ್ಲ, ಮೇಲಾಗಿ ಎಷ್ಟು ಬೆರೆಸಿದ್ದೀರೋ ಯಾರಿಗೆ ಗೊತ್ತು ಎಂದರು. ಅಳತೆ ಬಿಟ್ಟು ಬೆರೆಸುವುದು, ಅರ್ಧಕ್ಕೆ ಬಿಡುವುದು, ರೋಗವಿಲ್ಲದಾಗಲೂ ಶಕ್ತಿಗೆಂದು ಹಾಕುವುದು ಇವೆಲ್ಲ ಮಾಡಿದರೆ ರೋಗವೇ ಔಷಧಕ್ಕೆ ಪಳಗಿಬಿಡುತ್ತದೆ, ಆಮೇಲೆ ಕೋಳಿಗೂ ನಾಟುವುದಿಲ್ಲ, ಮನುಷ್ಯರಿಗೂ ನಾಟುವುದಿಲ್ಲ ಎಂದು ತಾಳ್ಮೆಯಿಂದ ಹೇಳಿದರು. ಕಾಕಾ ಈ ಸಲ ಕೇಳಿದ. ಕೇಳಿ ಮುಗಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು.

"ಅಂದ್ರ ಕೋಳಿ ಸೂತಕದಾಗ ಅದಾವ ಅನ್ರಿ. ಅದು ಕಳಿಯೂತನಕ ಅವು ಇಟ್ಟಿದ್ದು ಹೊರಗ ಹೋಗಬಾರ್ದು."

ಡಾಕ್ಟರು ಅಮ್ಮನ ಕಡೆ ತಿರುಗಿದರು. "ಹೂನ್ರಿ ಅಮ್ಮಾ. ಇದಕ್ಕಿಂತ ಚೊಲೋ ನನಗೂ ಹೇಳಾಕ ಬರೂದಿಲ್ಲ."

ಟೆಂಪೊ ಇನ್ನೂ ಬಂದಿರಲಿಲ್ಲ, ಪಡಸಾಲೆಯ ರಾಶಿ ನಮ್ಮ ಕಣ್ಣೆದುರೇ ಇತ್ತು. ಮನೆ ದಾಟಿ ಹೋದದ್ದು ಚಾಚಿಯ ಬುಟ್ಟಿಯೊಂದೇ. ಆಗಿನ ಕಾಲಕ್ಕೆ ಹಸೀನಾಳ ಮನೆಗೆ ಫೋನಿಲ್ಲ. ಅಷ್ಟಕ್ಕೆ ಗುತ್ತಲದವರೆಗೆ ಹೋಗುವುದೇ ಎಂದು ಕಾಕಾ ಮೆಲುದನಿಯಲ್ಲಿ ಅಂದ. ಏನೂ ಆಗಲಿಕ್ಕಿಲ್ಲ ಎಂದು ಡಾಕ್ಟರೇ ಹೇಳಿದರಲ್ಲ ಎಂದ. ಅಮ್ಮ ಎದ್ದು ನಿಂತಳು. ಅವಳು ಕೂಗಾಡುತ್ತಾಳೆಂದು ನಾನು ಅವ್ವನ ಹಿಂದೆ ಸರಿದೆ. ಕೂಗಾಡಲಿಲ್ಲ.

"ಶಿವ್ಯಾ, ನಾವು ತಿನ್ನಾವ್ರಲ್ಲ. ನಾವು ಬಾಯಾಗ ಇಡಲಾರದ್ದನ್ನ ಮಂದಿ ಬಾಯಿಗೆ ಕೊಡಾಕತ್ತೇವಿ. ತಿನ್ನಾವ್ರಾದ್ರ ಒಂದ ದಿನ ನಮ್ಮ ಹೊಟ್ಟಿ ನಮಗ ಹೇಳ್ತಿತ್ತು, ಏನರ ತಪ್ಪಿದ್ರ. ನಮಗ ಯಾರು ಹೇಳಬೇಕು? ಅವ್ರು ತತ್ತಿ ನೋಡಿ ತಿನ್ನೂದಿಲ್ಲಪಾ, ನಮ್ಮ ಮಾರಿ ನೋಡಿ ತಿಂತಾರ."

ಕಾಕಾ ತಾನೇ ಗಾಡಿ ತೆಗೆಯಲು ಹೋದ. ಅಮ್ಮ ಬೇಡವೆಂದಳು.

"ನೀ ಹೋದ್ರ ಕಸಕೊಂಡು ಬರ್ತಿ. ಬಸುರಿ ಮನಿಯಾಗಿಂದು ಕಸಕೊಂಡು ಬರಬಾರ್ದು. ಮೊದ್ಲ ಕೊಡಬೇಕು, ಆಮ್ಯಾಲೆ ಕೇಳಬೇಕು."

ಬೆಲ್ಲ, ಕೊಬ್ಬರಿ, ಉತ್ತತ್ತಿ, ಒಂದು ಸೇರು ಗೋದಿ, ಪೆಟ್ಟಿಗೆಯ ತಳದಲ್ಲಿ ಎತ್ತಿಟ್ಟಿದ್ದ ಒಂದು ಹಸಿರು ಕುಪ್ಪಸದ ಖಣ, ಎಲ್ಲವನ್ನೂ ಗಂಟು ಕಟ್ಟಿದಳು. ಬಸ್ಸಿನ ಬೋರ್ಡು ಓದಲು ನನ್ನನ್ನು ಕರೆದುಕೊಂಡಳು. ಹಾವೇರಿಗೆ ಹೋಗಿ, ಅಲ್ಲಿಂದ ಗುತ್ತಲದ ಬಸ್ಸು. ದಾರಿಯುದ್ದಕ್ಕೂ ಅಮ್ಮನ ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಹತ್ತಿಯ ಹೊಲ, ಜೋಳದ ಹೊಲ ಹಿಂದೆ ಸರಿಯುತ್ತಿದ್ದವು, ಅವಳು ಮಾತ್ರ ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದು, ಬಸ್ಸನ್ನು ತಾನೇ ತಳ್ಳುತ್ತಿರುವವಳ ಹಾಗೆ ಕೂತಿದ್ದಳು.

ಹಸೀನಾಳ ಮನೆ ಸಂತೆ ಬಯಲಿನ ಹಿಂದಿನ ಓಣಿಯಲ್ಲಿ. ಬಾಗಿಲಲ್ಲಿ ನಮ್ಮನ್ನು ಕಂಡು ಖಾತೂನ ಚಾಚಿಯ ಮುಖ ಬಿಳಿಚಿತು. ಇಷ್ಟು ದೂರ ಹೇಳದೆ ಕೇಳದೆ ಬಂದರೆ ಯಾರೋ ಹೋದರೆಂದೇ ಅರ್ಥ.

"ಯಕ್ಕಾ, ಏನಾತು? ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೊ?"

ಅಮ್ಮ ನೇರವಾಗಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತಿದ್ದ ಹಸೀನಾಳ ಸೆರಗಿಗೆ ಗಂಟು ಬಿಚ್ಚಿ ಎಲ್ಲವನ್ನೂ ಸುರಿದಳು. ಅವಳ ತಲೆ ಸವರಿದಳು. ಆಮೇಲೆ ಕೇಳಿದಳು.

"ತತ್ತಿ ತಿಂದಿಯೇನವಾ?"

"ನಿನ್ನಿ ಒಂದು ತಿಂದೇನ್ರಿ. ಇವತ್ತಿಂದು ಇನ್ನ ಒಲೀ ಮ್ಯಾಲೆ ಕುದಿಯಾಕತ್ತೈತಿ."

ಅಮ್ಮ ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. ಕಣ್ಣು ತೆರೆದು, ನಮ್ಮ ಕೋಳಿಗಳು ಸೂತಕದಲ್ಲಿವೆ, ಗೊತ್ತಿಲ್ಲದೆ ಕೊಟ್ಟಿದ್ದೇವೆ, ಉಳಿದವನ್ನು ತಿರುಗಿ ಕೊಡಿರಿ ಎಂದಳು. ಚಾಚಿಗೆ ಮೊದಲು ಅರ್ಥವಾಗಲಿಲ್ಲ, ಲಿಂಗವಂತರ ಮನೆಯಲ್ಲಿ ಸೂತಕ ಯಾವಾಗ ಬಂತು ಎಂದು ನಗಲು ನೋಡಿದಳು. ಅಮ್ಮ ನಗಲಿಲ್ಲ. ಔಷಧ, ಪೊಟ್ಟಣ, ಬ್ಯಾಂಕು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ನಾಳೆ ಇಲ್ಲಿನ ದವಾಖಾನೆಗೆ ಹೋಗಿ ಒಂದು ತಿಂದದ್ದನ್ನೂ ಹೇಳು ಎಂದಳು. ಬೈದರೆ ನಮ್ಮನ್ನು ಬೈಯಿರಿ, ಮುಚ್ಚಿಡಬೇಡಿರಿ ಎಂದಳು.

ಯಾರೂ ಬೈಯಲಿಲ್ಲ. ಹಸೀನಾಳ ಅತ್ತೆ ಕುದಿಯುವ ಪಾತ್ರೆಯನ್ನು ಇಳಿಸಿ, ನಾವೇ ಚೆಲ್ಲುತ್ತೇವೆ ಬಿಡಿರಿ ಎಂದಳು. ಅಮ್ಮ ಒಪ್ಪಲಿಲ್ಲ.

"ಬ್ಯಾಡವಾ. ಇಲ್ಲಿ ಚೆಲ್ಲಿದ್ರ ನಾಯಿ ತಿಂತದ, ಯಾವುದರ ಕೂಸು ಹೆಕ್ಕತದ. ನಮ್ಮ ಕೋಳೀದು ನಮ್ಮ ಮಣ್ಣಿಗೇ ಹೋಗ್ಲಿ."

ಬುಟ್ಟಿಯನ್ನು ಚಾಚಿ ಮಗಳ ಮನೆಗೆಂದೇ ತಂದಿದ್ದಳು. ಅದನ್ನು ಕೇಳಲು ಅಮ್ಮನಿಗೆ ಮನಸ್ಸಾಗಲಿಲ್ಲ, ನಮ್ಮ ಗಂಟಿನ ಅರಿವೆ ಹಸೀನಾಳ ಉಡಿಯಲ್ಲಿ ಉಳಿದಿತ್ತು. ಅಮ್ಮ ತನ್ನ ಸೀರೆಯ ಸೆರಗನ್ನು ಮುಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿದಳು. ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೈ ಚಾಚಿದಳು. ಹುಟ್ಟಿದಾಗಿನಿಂದ ತತ್ತಿ ಮುಟ್ಟದ ಆ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು.  ನಾನು ಎತ್ತಿಕೊಡಲೆಂದು ಒಂದು ಹೆಜ್ಜೆ ಮುಂದಿಟ್ಟೆ. ಆಮೇಲೆ ಅವಳು ಒಂದೊಂದಾಗಿ ಎತ್ತಿ ಉಡಿಯಲ್ಲಿ ಇಟ್ಟುಕೊಂಡಳು, ಕುದಿಸಿದ ಆ ಒಂದನ್ನೂ ನೀರೊರೆಸಿ. ಪೂಜೆಯ ಕೋಣೆಯಲ್ಲಿ ಬಿಲ್ವಪತ್ರೆ ಎತ್ತುವಾಗ ಅವಳ ಬೆರಳು ಎಷ್ಟು ಮೆತ್ತಗಿರುತ್ತಿತ್ತೋ ಅಷ್ಟೇ ಮೆತ್ತಗಿತ್ತು. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ತಿರುಗಿ ಬರುವಾಗ ಹಾವೇರಿಯಿಂದ ಬಸ್ಸು ತುಂಬಿ ತುಳುಕುತ್ತಿತ್ತು. ಎರಡೂ ಕೈಯಿಂದ ಉಡಿಯನ್ನು ತಬ್ಬಿ ನಿಂತ ಮುದುಕಿಯನ್ನು ಕಂಡು ಕಂಡಕ್ಟರು, ಏನೈತಿ ಅಮ್ಮಾ ಉಡ್ಯಾಗ, ಲಗೇಜ ಆದ್ರ ಟಿಕೆಟ್ ಆಗ್ತದ ಎಂದ.

"ಸೂತಕ ಐತಪಾ," ಎಂದಳು ಅಮ್ಮ. "ಮುಟ್ಟತಿಯೇನು?"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಸುತ್ತಲಿನವರೂ ಸರಿದರು. ಕೂರಲು ಸೀಟೇ ಸಿಕ್ಕಿತು. ಆ ದಿನದಲ್ಲಿ ಮೊದಲ ಸಲ ಅಮ್ಮನ ತುಟಿಯ ಮೂಲೆಯಲ್ಲಿ ನಗು ಕಂಡೆ.

ಮನೆಗೆ ಬಂದಾಗ ಇಳಿಹೊತ್ತು. ಅಮ್ಮ ಪಡಸಾಲೆಗೆ ಬಂದು ಹೊಸ್ತಿಲ ಮುಂದೆ ನಿಂತಳು, ದಾಟಲಿಲ್ಲ. ಉಡಿಯಲ್ಲಿ ತತ್ತಿ ಇದ್ದವಳು ತಾನೇ ಈಗ ಹೊರಗಿನವಳು. ಕಾಕಾ ಅವಳ ಕಡೆ ನೋಡಿದ, ಉಡಿಯ ಕಡೆ ನೋಡಿದ.  ಅವಳ ಮುಂದೆ ಮಂಡಿಯೂರಿ ಒಂದೊಂದೇ ತತ್ತಿಯನ್ನು ಅವಳ ಉಡಿಯಿಂದ ತೆಗೆದು ಟ್ರೇಗೆ ಇಟ್ಟ. ಅವನ ಕಣ್ಣೀರು ತತ್ತಿಗಳ ಮೇಲೆ ಬೀಳುತ್ತಿತ್ತು.

"ಅಳಬ್ಯಾಡ. ಗೊತ್ತಿಲ್ಲದ್ದಕ್ಕ ಸೂತಕಿಲ್ಲ," ಎಂದಳು ಅಮ್ಮ. "ಗೊತ್ತಾದ ಮ್ಯಾಲೆ ಐತಿ."

ಬೇವಿನ ಮರದಾಚೆ ಅಪ್ಪ ಆಗಲೇ ಗುಂಡಿ ತೋಡಿದ್ದ. ಪಡಸಾಲೆಯ ಅಷ್ಟೂ ರಾಶಿಯನ್ನು ನಾವೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಒಂದೊಂದು ಟ್ರೇ ಸುರಿದಾಗಲೂ ಗುಂಡಿಯ ತಳದಿಂದ ಮೆತ್ತನೆಯ ಸದ್ದು ಬರುತ್ತಿತ್ತು. ಬಿಳಿ ಚಿಪ್ಪು, ಅದರ ನಡುವೆ ಹರಿಯುವ ಕೆಂಪು. ನಮ್ಮ ಮನೆಯವರು ತಮ್ಮ ಕೋಳಿಯ ತತ್ತಿಯೊಳಗಿನ ಬಣ್ಣ ಕಂಡದ್ದು ಅಂದೇ. ಚಾಚಿ ಹೇಳಿದ್ದು ಖರೇ, ಕುಂಕುಮ ಕಲಸಿದ ಹಾಗಿತ್ತು.  ಅಪ್ಪ ಸುಣ್ಣ ಚೆಲ್ಲಿ ಮಣ್ಣು ಎಳೆದ. ಅಮ್ಮ ಬೇವಿನ ಒಂದು ಟೊಂಗೆ ಮುರಿದು ಶೆಡ್ಡಿನ ಬಾಗಿಲಿಗೆ ಕಟ್ಟಿದಳು. ಇದು ಇರೂತನಕ ಇಲ್ಲಿಂದ ಒಂದೂ ಹೊರಗ ಹೋಗೂದಿಲ್ಲ ಎಂದಳು.

ಅಲ್ಲಿಂದ ನಮ್ಮ ಮನೆಯ ಆಚಾರವೇ ಬದಲಾಯಿತು. ಔಷಧದ ಪೆಟ್ಟಿಗೆಗೆ ಬೀಗ ಬಿತ್ತು, ಅದರ ಬೀಗದಕೈ ಅಮ್ಮನ ಸೊಂಟದ ಗೊಂಚಲಿಗೆ ಸೇರಿತು. ಡಾಕ್ಟರು ಬಂದು ನೋಡಿ ಹೇಳದೆ ಪೆಟ್ಟಿಗೆ ತೆರೆಯುವಂತಿಲ್ಲ, ತೆರೆದರೆ ಅವರು ಕೊಟ್ಟ ಅಳತೆಯ ಚಮಚವೇ, ಹೇಳಿದಷ್ಟು ದಿನವೇ. ಶಕ್ತಿಗೆ ಏನು ಹಾಕಬೇಕೆಂದು ಯಾರಾದರೂ ಕೇಳಿದರೆ ಗೋವಿನಜೋಳ ಹಾಕಿರಿ ಎನ್ನುತ್ತಿದ್ದಳು. ಶೆಡ್ಡಿನ ಬಾಗಿಲಲ್ಲಿ ಸುಣ್ಣದ ನೀರಿನ ತಗ್ಗು ಮಾಡಿಸಿ, ಗುಡಿಗೆ ಹೋಗುವವರ ಹಾಗೆ ಕಾಲು ತೊಳೆದೇ ಒಳಗೆ ಹೋಗಬೇಕು ಎಂದಳು. ಅದರಿಂದಲೋ ಏನೋ, ರೋಗ ಬರುವುದೇ ಕಡಿಮೆಯಾಯಿತು. ಸೂತಕ ಕಳೆದ ಬೆಳಿಗ್ಗೆ ಶೆಡ್ಡಿನ ಮುಂದೆ ಸೆಗಣಿ ಸಾರಿಸಿ, ರಂಗೋಲಿ ಎಳೆದು, ಬೇವು ಬಿಚ್ಚುತ್ತಿದ್ದಳು. ಊರು ಕಾಕಾನಿಗೆ ವಿತ್‌ಡ್ರಾವಲ್ ಶಿವಣ್ಣ ಎಂದು ಹೆಸರಿಟ್ಟಿತು. ಅವನು ಸಿಟ್ಟಾಗಲಿಲ್ಲ. ಬೇರೆಯವರ ಶೆಡ್ಡಿಗೆ ಹೋಗಿ ಪೊಟ್ಟಣ ಓದಿ ಹೇಳುವಾಗ ತನ್ನ ಕತೆಯನ್ನು ತಾನೇ ಮೊದಲು ಹೇಳುತ್ತಿದ್ದ.

ಹಸೀನಾಳಿಗೆ ಗಂಡು ಹುಟ್ಟಿತು, ಗಟ್ಟಿಮುಟ್ಟಾದ ಕೂಸು. ಚಾಚಿ ಸಕ್ಕರೆ ಹಂಚಲು ಬಂದ ದಿನ ಅಮ್ಮ ಒಳಗಿನಿಂದ ಒಂದು ಬೆಲ್ಲದ ಹೆಂಟೆ ತಂದು ಕಚ್ಚಿ ತಿಂದಳು. ಗುತ್ತಲದಿಂದ ಬಂದ ದಿನದಿಂದ ಅವಳು ಬೆಲ್ಲ ಬಾಯಿಗಿಟ್ಟಿರಲಿಲ್ಲ ಎಂಬುದು ನಮಗೆ ತಿಳಿದದ್ದು ಆಗಲೇ. ಅಷ್ಟು ತಿಂಗಳು ಅವಳ ಜೊತೆಗೇ ಉಂಡಿದ್ದೆವು, ಒಬ್ಬರೂ ಗಮನಿಸಿರಲಿಲ್ಲ.

ಅಮ್ಮ ಬಹಳ ವರ್ಷ ಬದುಕಿದಳು. ಹೋದದ್ದು ಮೊನ್ನೆ ಮೊನ್ನೆ ಎಂಬಂತಿದೆ. ಸುದ್ದಿ ಕೇಳಿ ನಾನು ತವರಿಗೆ ಓಡಿದೆ. ಪಡಸಾಲೆಯಲ್ಲಿ ಅವಳನ್ನು ಪದ್ಮಾಸನ ಹಾಕಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಸೊಂಟದಲ್ಲಿ ಗೊಂಚಲು ಮಾತ್ರ ಇರಲಿಲ್ಲ. ಒಳಗೆ ಒಲೆ ಹೊತ್ತಿತ್ತು, ಬಂದವರಿಗೆ ರೊಟ್ಟಿ ಬಡಿಯುತ್ತಿದ್ದರು. ದೂರದ ನೆಂಟರೊಬ್ಬರು ಹಿತ್ತಲಿಗೆ ಹೋಗಿ ಬಂದು, ತಲೆ ನರೆತ ಶಿವು ಕಾಕಾನ ಪಕ್ಕ ಕೂತು ಪಿಸುಗುಟ್ಟಿದರು.

"ನಿಮ್ಮೊಳಗ ಸೂತಕ ಹಿಡಿಯೂದಿಲ್ಲ ಅಂತಿದ್ರಿ. ಹಿತ್ತಲ ಶೆಡ್ಡಿನ ಬಾಗಲಕ್ಕ ಬೇವು ಕಟ್ಟೀರಲ್ರಿ?"

"ಅದು ಅವ್ವಂದಲ್ರಿ," ಎಂದ ಕಾಕಾ. "ಕೋಳೀದು. ಔಷಧ ನಡದೈತಿ."

ಅಷ್ಟರಲ್ಲಿ ರಸ್ತೆಯಲ್ಲಿ ತತ್ತಿಯ ಟೆಂಪೊ ಬಂದು ನಿಂತಿತು, ಖಾಲಿ. ಓಡಿಸುತ್ತಿದ್ದವನು ಹಸೀನಾಳ ಮಗ. ಈ ರಸ್ತೆಯ ಶೆಡ್ಡುಗಳ ತತ್ತಿಯನ್ನೆಲ್ಲ ಈಗ ಅವನೇ ಒಯ್ಯುವುದು, ಬಾಗಿಲಲ್ಲಿ ಬೇವು ಕಂಡರೆ ಹಾರ್ನ್ ಕೂಡ ಹೊಡೆಯದೆ ಮುಂದೆ ಹೋಗುವವನು. ಅವನು ಕೈಹಿಡಿದು ಇಳಿಸಿದ ಹಸೀನಾ ಒಳಗೆ ಬಂದು, ಅಮ್ಮನ ಉಡಿಯಲ್ಲಿ ಬೆಲ್ಲ, ಕೊಬ್ಬರಿ, ಉತ್ತತ್ತಿ ಇಟ್ಟಳು. ಮೇಲೊಂದು ಹಸಿರು ಖಣ, ಬಣ್ಣ ಮಾಸಿದ್ದು. ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಅಷ್ಟು ವರ್ಷ ಹೊಲಿಸದೆ ಎತ್ತಿಟ್ಟಿದ್ದಳು.

ತತ್ತಿ ಆಯುವ ಹೊತ್ತಾಗಿತ್ತು. ಕಾಕಾ ತಾಯಿಯ ಪಕ್ಕದಿಂದ ಎದ್ದು, ಕಾಲು ತೊಳೆದು ಶೆಡ್ಡಿಗೆ ಹೋದ. ಹಸೀನಾಳ ಮಗನೂ ಹೋದ, ನಾನೂ ಹೋದೆ. ಮೂವರೂ ಆಯ್ದು, ಬೇವಿನ ಮರದಾಚೆಯ ಗುಂಡಿಗೆ ಸುರಿದು, ಸುಣ್ಣ ಚೆಲ್ಲಿ ಬಂದೆವು. ಆಮೇಲೆ ಅಮ್ಮನನ್ನು ಮಣ್ಣು ಮಾಡಲು ಹೊಲಕ್ಕೆ ಒಯ್ದರು. ಮರುದಿನ ಎಲ್ಲ ಎಂದಿನಂತೆ ನಡೆಯಿತು, ಪೂಜೆ, ಒಲೆ, ಊಟ. ಅವಳು ಹೋದದ್ದಕ್ಕೆ ನಾವು ಒಂದು ದಿನವೂ ಸೂತಕ ಹಿಡಿಯಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಬೇವು ಒಣಗುತ್ತಿತ್ತು, ಒಳಗೆ ಕೋಳಿಗಳು ಸೂತಕ ಹಿಡಿದಿದ್ದವು.